ನೀಲಿ ಪೆನ್ಸಿಲಿನ ಸಂಸಾರ

ಕೆಳದನಿಯಿಂದ ಸರ್ರನೆ ಮೇಲಕ್ಕೇರಿ, ಅಲ್ಲಿ ಒಂದು ಗಳಿಗೆ ನಿಂತು, ಮತ್ತೆ ಅಷ್ಟೇ ವೇಗದಲ್ಲಿ ಕೆಳಕ್ಕೆ ಜಾರುವ ಪೀಪಿಯ ಸದ್ದು. ಚಾಕುಗಳಿಗೆ ಸಾಣೆ ಹಿಡಿಯುವವನು ಸೈಕಲ್ಲು ತಳ್ಳಿಕೊಂಡು ಬೀದಿಗೆ ಬಂದಿದ್ದ. ಒರಿಸಾಬಾ ಊರಿನಲ್ಲಿ ಎಷ್ಟೋ ಬೀದಿಗಳಿದ್ದರೂ, ಎವರಿಸ್ತೊ ಸಮೂದಿಯೊನ ತಲೆಯಲ್ಲಿ ಒಂದು ಕಥೆ ಹುಟ್ಟುವ ಹೊತ್ತಿಗೆ ಸರಿಯಾಗಿ ಆ ಮನುಷ್ಯ ಅವನ ಕಿಟಕಿಯ ಕೆಳಗೇ ಬಂದು ಪೀಪಿ ಊದುತ್ತಿದ್ದ. ಎಂಟು ವರ್ಷಗಳಿಂದ ಎವರಿಸ್ತೊನ ಕಥೆಗಳು ಯಾಕೆ ಚೆನ್ನಾಗಿ ಬರುತ್ತಿಲ್ಲ ಎಂಬುದಕ್ಕೆ ಅವನ ಬಳಿ ಇದ್ದ ಕಾರಣಗಳಲ್ಲಿ ಇದು ಮೊದಲನೆಯದು. ಉಳಿದವು: ಬಿಯರ್ ಕಾರ್ಖಾನೆಯ ಕಡೆಯಿಂದ ಬರುವ ಹುಳಿ ವಾಸನೆ, ಬೆಟ್ಟ ಇಳಿದು ಬಂದು ದಿನವಿಡೀ ಜಿನುಗುವ ತುಂತುರು, ಮತ್ತು ಹೆಂಡತಿ.

ಎವರಿಸ್ತೊ ಮಕ್ಕಳಿಗಾಗಿ ಚಿತ್ರಕಥೆ ಬರೆಯುವವನು. ರಾಜಧಾನಿಯಿಂದ ಮೂರು ವಾರಕ್ಕೊಮ್ಮೆ ಹೊರಡುವ ‘ತ್ರೊಂಪೀತೊ’ ಎಂಬ ಪತ್ರಿಕೆಯ ಹನ್ನೊಂದನೇ ಪುಟ ಅವನದು. (ಮಕ್ಕಳು ಹತ್ತನೇ ಪುಟ ಓದಿ, ಹನ್ನೆರಡನೇ ಪುಟಕ್ಕೆ ಹೋಗುವಾಗ ದಾರಿಯಲ್ಲಿ ಸಿಗುವ ಪುಟ.) ಆ ಪುಟದ ನಾಯಕ ದೋನ್ ಕಸಿಮಿರೊ. ಮೈಮೇಲೆ ಚಿಪ್ಪು ಹೊತ್ತ ಅರ್ಮಡಿಲೊ ಎಂಬ ಪ್ರಾಣಿ, ಸೊಂಟದಲ್ಲಿ ಕತ್ತಿ, ಸದಾ ಮೇಲಕ್ಕೆತ್ತಿದ ಒಂದು ಬೆರಳು. ಕತ್ತಿಯನ್ನು ಅವನು ಬಳಸಿದ್ದು ಕಡಿಮೆ, ಬೆರಳನ್ನೇ ಹೆಚ್ಚು. ಉಗುರು ಕತ್ತರಿಸಿಕೊಳ್ಳಿ, ಹಿರಿಯರು ಬಂದಾಗ ಎದ್ದು ನಿಲ್ಲಿ, ಹಾಲು ಚೆಲ್ಲಬೇಡಿ ಎಂದು ದೇಶದ ಮಕ್ಕಳಿಗೆಲ್ಲ ಉಪದೇಶ ಮಾಡುವುದೇ ಅವನ ಸಾಹಸ. ಅವನ ಪಕ್ಕದಲ್ಲಿ ದೋನ್ಯಾ ಪೆತ್ರೊನಿಲಾ ಎಂಬ ಟರ್ಕಿ ಕೋಳಿ. ಎಂಟು ವರ್ಷಗಳಲ್ಲಿ ಆಕೆ ಆಡಿದ್ದು ಒಂದೇ ಮಾತು: “ಹೌದೇ, ದೋನ್ ಕಸಿಮಿರೊ?”

ಈ ಮಹಾಕಾವ್ಯಕ್ಕೆ ಕುತ್ತು ಬಂದದ್ದು ಒಂದು ಪತ್ರದಿಂದ. ಸಂಪಾದಕ ಉರ್ರೂತಿಯಾ ಬರೆದಿದ್ದ: ‘ಮಕ್ಕಳನ್ನು ಕೇಳಿದೆವು, ಯಾವ ಪುಟ ಇಷ್ಟ ಎಂದು. ತಮ್ಮ ಪುಟ ಕೊನೆಯ ಸ್ಥಾನದಲ್ಲಿದೆ. ಚಂದಾ ಕಟ್ಟುವ ಚೀಟಿಗೂ ತಮಗಿಂತ ಎರಡು ಮತ ಹೆಚ್ಚು ಬಂದಿದೆ. ಮುಂದಿನ ಸಂಚಿಕೆಯಲ್ಲಿ ಒಂದು ಮಗುವಾದರೂ ನಗದಿದ್ದರೆ, ಆ ಜಾಗವನ್ನು ಚಾಕೊಲೇಟ್ ಪುಡಿಯ ಜಾಹೀರಾತಿಗೆ ಕೊಡುತ್ತೇವೆ. ಮಡದಿಯವರಿಗೆ ನಮಸ್ಕಾರ ತಿಳಿಸಿ.’

ಎವರಿಸ್ತೊ ಪತ್ರವನ್ನು ಎರಡು ಸಲ ಓದಿದ. ಅವನಿಗೆ ನೋವಾದದ್ದು ಚಂದಾ ಚೀಟಿಯ ವಿಷಯಕ್ಕೆ. ಆ ಪುಟ ಹೋದರೆ ಅವನು ಬೇರೇನೂ ಅಲ್ಲ. ಬೀದಿಯಲ್ಲಿ ಅವನನ್ನು ಜನ ‘ಕಲಾವಿದರೇ’ ಎಂದು ಕರೆಯುತ್ತಿದ್ದುದು ಆ ಒಂದು ಪುಟದ ದೆಸೆಯಿಂದ. ಇಲ್ಲದಿದ್ದರೆ ಅವನು ಹಗಲು ಹೊತ್ತಿನಲ್ಲೂ ಮನೆಯಲ್ಲಿರುವ ಗಂಡಸು, ಅಷ್ಟೆ.

ಮಡದಿಗೆ ನಮಸ್ಕಾರ ತಿಳಿಸುವುದಂತೂ ಸಾಧ್ಯವಿರಲಿಲ್ಲ. ಮಡದಿಯೊಂದಿಗೆ ಮಾತು ನಿಂತು ಆರು ದಿನವಾಗಿತ್ತು.

ಎವರಿಸ್ತೊ ಚಿತ್ರ ಬರೆದು, ಅದಕ್ಕೆ ಕಪ್ಪು ಶಾಯಿಯನ್ನೂ ತಾನೇ ಹಾಕುತ್ತಿದ್ದ. ಪಾತ್ರಗಳ ಬಾಯಿಂದ ಹೊರಡುವ ಮಾತಿನ ಗುಳ್ಳೆಗಳನ್ನು ಮಾತ್ರ ಖಾಲಿ ಬಿಟ್ಟು, ಅವುಗಳೊಳಗೆ ತಿಳಿನೀಲಿ ಪೆನ್ಸಿಲಿನಲ್ಲಿ ಸಂಭಾಷಣೆ ಗೀಚುತ್ತಿದ್ದ. ಅದರ ಮೇಲೆ ಹೆಂಡತಿ ಓರ್ತೆನ್ಸಿಯಾ ಕಪ್ಪು ಶಾಯಿಯಲ್ಲಿ ಅಕ್ಷರ ಬರೆಯುತ್ತಿದ್ದಳು. ಆಕೆಯ ಅಪ್ಪ ಲಾರಿಗಳ ಹಿಂದಿನ ಹಲಗೆಗೆ ಮಾತು ಬರೆಯುತ್ತಿದ್ದವನು. ‘ಹಾರನ್ ಒತ್ತಬೇಡ, ನನ್ನತ್ತೆ ಮಲಗಿದ್ದಾಳೆ’ ಎಂಬಂಥ ಮಾತುಗಳು ಅವನ ಕೈಯಿಂದ ವೆರಾಕ್ರೂಸ್ ಬಂದರಿನವರೆಗೆ ಓಡಾಡಿದ್ದವು. ಮಗಳಿಗೆ ಅದೇ ಕೈ ಬಂದಿತ್ತು. ಮುದ್ರಣಾಲಯದ ಕ್ಯಾಮರಾಕ್ಕೆ ಕಪ್ಪು ಮಾತ್ರ ಕಾಣುತ್ತದೆ, ತಿಳಿನೀಲಿ ಕಾಣುವುದಿಲ್ಲ. ಹಾಗಾಗಿ ನೀಲಿ ಗೆರೆಗಳನ್ನು ಅಳಿಸುವ ಗೋಜೂ ಇಲ್ಲ. ಇಡೀ ಪುಟ ನಿಂತಿರುವುದು ಆ ನೀಲಿಯ ಮೇಲೆ. ಅಚ್ಚಾಗಿ ಬಂದಾಗ ನೀಲಿ ಇತ್ತೆಂದೇ ಯಾರಿಗೂ ಗೊತ್ತಿರುವುದಿಲ್ಲ. ಮನೆಗೆಲಸದ ಹಾಗೆ.

ಜಗಳ ಹುಟ್ಟಿದ್ದು ಹಿಂದಿನ ಸಂಚಿಕೆಯಿಂದ. ದೋನ್ ಕಸಿಮಿರೊ ಎಂದಿನಂತೆ ಬೆರಳೆತ್ತಿ, “ಬೇಗ ಮಲಗುವವನು ಬುದ್ಧಿವಂತನಾಗುತ್ತಾನೆ” ಎಂದಿದ್ದ. ಟರ್ಕಿ ಕೋಳಿ, “ಹೌದೇ, ದೋನ್ ಕಸಿಮಿರೊ?” ಎನ್ನಬೇಕಾಗಿತ್ತು. ಅಚ್ಚಾಗಿ ಬಂದಾಗ, “ಹೌದೇ? ಹಾಗಾದರೆ ನೀವು ತಡವಾಗಿ ಮಲಗುತ್ತೀರಾ?” ಎಂದಿತ್ತು.

“ಇದು ಯಾರು ಬರೆದಿದ್ದು?” ಎಂದು ಎವರಿಸ್ತೊ ಪತ್ರಿಕೆಯನ್ನು ಅಡುಗೆಮನೆಯ ಮೇಜಿನ ಮೇಲೆ ಬಡಿದಿದ್ದ.

“ನಾನೇ ಬರ್ದೆ. ಗುಳ್ಳೇಲಿ ಜಾಗ ಉಳೀತು. ಪಾಪ ಅದಕ್ಕೂ ಒಂದು ಮಾತು ಇರ್ಲಿ ಅಂತ.”

“ಅದು ಕೋಳಿ ಕಣೇ.”

“ಅವನು ಅರ್ಮಡಿಲೊ. ಅವನು ಮಾತಾಡಲ್ವಾ?”

“ನೋಡು, ಅಕ್ಷರ ಬರೆಯೋಳಿಗೆ ಕೈ ಇದ್ರೆ ಸಾಕು, ತಲೆ ಬೇಡ. ಇನ್ಮೇಲೆ ನೀಲೀಲಿ ಏನಿರುತ್ತೋ ಅದು. ಒಂದು ಅಕ್ಷರ ಹೆಚ್ಚಿಲ್ಲ, ಒಂದು ಅಕ್ಷರ ಕಮ್ಮಿಯಿಲ್ಲ. ಗೊತ್ತಾಯ್ತಾ?”

ಓರ್ತೆನ್ಸಿಯಾ ಕೈಯಲ್ಲಿದ್ದ ತೋರ್ತಿಯಾ ರೊಟ್ಟಿಯನ್ನು ಹೆಂಚಿನ ಮೇಲೆ ನಿಧಾನವಾಗಿ ತಿರುಗಿಸಿದಳು. “ಗೊತ್ತಾಯ್ತು” ಎಂದಳು. ಅದೇ ಕೊನೆಯ ಮಾತು. ಆ ಕ್ಷಣದಿಂದ ಮನೆಯಲ್ಲಿ ಮಂಜುಗಡ್ಡೆಯ ಕಾನೂನು ಜಾರಿಗೆ ಬಂತು. ಗಂಡಹೆಂಡಿರ ಮೌನಕ್ಕೆ ಆ ಊರಿನವರು ಇಟ್ಟಿರುವ ಹೆಸರು ಅದು. ಕರಗುವುದು ಯಾವಾಗ ಎಂದು ಯಾವ ಕಾನೂನಿನಲ್ಲೂ ಬರೆದಿಲ್ಲ.

ಮಾತು ನಿಂತರೂ ಸಂಸಾರ ನಿಲ್ಲುವುದಿಲ್ಲವಲ್ಲ. ಗ್ಯಾಸು ಮುಗಿಯುತ್ತದೆ, ಅಂಗಿಯ ಗುಂಡಿ ಕಿತ್ತುಬರುತ್ತದೆ. ಎರಡನೇ ದಿನವೇ ಎವರಿಸ್ತೊ ಚಿತ್ರ ಬರೆಯುವ ಹಲಗೆಯ ಮೇಲಿದ್ದ ಹಾಳೆಯ ಅಂಚಿನಲ್ಲಿ ನೀಲಿ ಪೆನ್ಸಿಲಿನಿಂದ, ‘ಗುಂಡಿ’ ಎಂದು ಬರೆದಿಟ್ಟ. ಸಂಜೆಯ ಹೊತ್ತಿಗೆ ಅದರ ಕೆಳಗೆ, ಅದೇ ನೀಲಿಯಲ್ಲಿ, ಮುತ್ತಿನಂಥ ಅಕ್ಷರಗಳಲ್ಲಿ, ‘ಸೂಜಿ ಎಡಗಡೆ ಖಾನೆಯಲ್ಲಿ’ ಎಂದಿತ್ತು. ಹೀಗೆ ಆ ಹಲಗೆ ಮನೆಯ ಅಂಚೆ ಕಚೇರಿಯಾಯಿತು. ಅವನು ಊಟಕ್ಕೆ ಎದ್ದಾಗ ಅವಳು ಬಂದು ಬರೆಯುವುದು, ಅವಳು ಮಾರುಕಟ್ಟೆಗೆ ಹೋದಾಗ ಅವನು ಬರೆಯುವುದು. ಇಬ್ಬರಿಗೂ ಇದರಿಂದ ಒಂದು ಬಗೆಯ ಘನತೆ ಬಂದಿತ್ತು. ಎರಡು ರಾಜ್ಯಗಳ ನಡುವೆ ರಾಯಭಾರ ನಡೆದ ಹಾಗೆ.

ಸೋಮವಾರದ ಹೊತ್ತಿಗೆ ಹಾಳೆಯ ನಾಲ್ಕು ಅಂಚೂ ತುಂಬಿದವು. ಹಾಳೆಯ ಮೇಲೆ ಆಗ ಹೊಸ ಕಥೆಯ ಚಿತ್ರಗಳು ಶಾಯಿ ಒಣಗಿ ಸಿದ್ಧವಾಗಿದ್ದವು. ಹಲ್ಲುಜ್ಜುವುದರ ಮಹತ್ವ ಅದರ ವಿಷಯ. (ಮಕ್ಕಳು ನಗಬೇಕೆಂದು ಸಂಪಾದಕ ಕೇಳಿದ್ದಕ್ಕೆ ಎವರಿಸ್ತೊ ಬಹಳ ಯೋಚಿಸಿ ಆರಿಸಿದ ವಿಷಯ. ನಗಬೇಕಾದರೆ ಹಲ್ಲು ಬೇಕು ತಾನೆ.) ಆದರೆ ಸಂಭಾಷಣೆ ಹೊಳೆದಿರಲಿಲ್ಲ. ಗುಳ್ಳೆಗಳೆಲ್ಲ ಖಾಲಿ. ಅವನು ಮಧ್ಯಾಹ್ನದ ಊಟ ಮುಗಿಸಿ ಬಂದವನೇ, ಬೇರೆ ಜಾಗ ಕಾಣದೆ, ಮೊದಲ ಚೌಕದಲ್ಲಿ ಅರ್ಮಡಿಲೊನ ಬಾಯಿಂದ ಹೊರಟ ಗುಳ್ಳೆಯೊಳಗೆ ನೀಲಿಯಲ್ಲಿ ಬರೆದ: ‘ಕಾಳಿಗೆ ಉಪ್ಪಿಲ್ಲ.’

ಕಾಫಿ ಕುಡಿದು ಮರಳಿ ಬಂದಾಗ ಟರ್ಕಿ ಕೋಳಿಯ ಗುಳ್ಳೆಯಲ್ಲಿ ಉತ್ತರವಿತ್ತು: ‘ಉಪ್ಪಿನ ಡಬ್ಬಿ ನಿನ್ನ ಕೈಗೆ ಒಂದು ಗೇಣು ದೂರ. ಕೈ ಸವೆಯುತ್ತಾ?’

ಕಲಾವಿದನಾದವನು ಇದಕ್ಕೆ ಸುಮ್ಮನಿರಲಾದೀತೆ? ಎರಡನೇ ಚೌಕ, ಮೂರನೇ ಚೌಕ ಎಂದು ಯುದ್ಧ ಬುಧವಾರದವರೆಗೆ ಬೆಳೆಯಿತು. ಕೊನೆಗೆ ಪುಟದ ಕೆಳಗೆ ನೀತಿ ಬರೆಯಲು ಬಿಟ್ಟ ಉದ್ದನೆಯ ಪೆಟ್ಟಿಗೆಯೂ ಎವರಿಸ್ತೊನ ವಶವಾಯಿತು. ಏನೂ ಅಪಾಯವಿರಲಿಲ್ಲ. ನೀಲಿ ತಾನೆ. ಗುರುವಾರ ಬೆಳಗ್ಗೆ ಬೊಲಿಯೊ ಬನ್ನಿನ ಒಳಗಿನ ತಿರುಳು ಹಿಡಿದು ನಾಲ್ಕು ಸಲ ತೀಡಿದರೆ ಎಲ್ಲ ಮಾಯ.

ಗುರುವಾರ ಬೆಳಗ್ಗೆ ಮನೆಯಲ್ಲಿ ಬೊಲಿಯೊ ಇರಲಿಲ್ಲ. ಎವರಿಸ್ತೊ ಇದ್ದ ಎರಡನ್ನೂ ಕಾಫಿಯಲ್ಲಿ ಅದ್ದಿ ತಿಂದುಬಿಟ್ಟಿದ್ದ. ಆದರೆ ಅದೇ ಕಾಫಿಯ ಕೊನೆಯ ಗುಟುಕಿಗೆ ಸಂಭಾಷಣೆ ಹೊಳೆಯಿತು. ಹೊಳೆದದ್ದು ಜಾರಿಹೋದೀತೆಂದು ಕೈಗೆ ಸಿಕ್ಕ ಕಪ್ಪು ಪೆನ್ಸಿಲಿನಲ್ಲಿ ಒಂದು ಚೀಟಿಯ ಮೇಲೆ ಎಲ್ಲವನ್ನೂ ಬರೆದ. ‘ಹಲ್ಲೇ ಮನುಷ್ಯನ ಮುತ್ತು’ ಎಂದು ಶುರುವಾಗಿ, ‘ಹುಳುಕು ಹಲ್ಲು ದುಃಖದ ಕಲ್ಲು’ ಎಂದು ಮುಗಿಯುತ್ತಿತ್ತು. ನಡುವೆ ನಾಲ್ಕು ಸಲ ‘ಹೌದೇ, ದೋನ್ ಕಸಿಮಿರೊ?’ ಬರುತ್ತಿತ್ತು. ಓದಿಕೊಂಡಾಗ ಅವನ ಕಣ್ಣು ತುಸು ಒದ್ದೆಯಾಯಿತು. ಚೀಟಿಯನ್ನು ಹಲಗೆಯ ತಲೆಗೆ ಗುಂಡುಪಿನ್ನಿನಿಂದ ಚುಚ್ಚಿಟ್ಟು, ಹಳೆಯ ನೀಲಿ ಗೀಚುಗಳು ಅಲ್ಲೇ ಇದ್ದರೂ ಅಕ್ಷರ ಬರೆಯುವವಳಿಗೆ ಇಷ್ಟು ತಿಳಿಯದೆ ಹೋದೀತೇ ಎಂದುಕೊಂಡು, ಕ್ಷೌರಿಕ ನಾಬೊರ್‌ನ ಅಂಗಡಿಗೆ ಡಾಮಿನೊ ಆಡಲು ಹೋದ.

ಬಂದಾಗ ಸಂಜೆ. ಹಲಗೆ ಖಾಲಿ. ನಾಲ್ಕು ಗಂಟೆಯ ಬಸ್ಸಿನ ಚಾಲಕನ ಕೈಯಲ್ಲಿ ಪುಟ ರಾಜಧಾನಿಗೆ ಹೋಗಿತ್ತು. ದಿನಪತ್ರಿಕೆಯ ಅಂಚಿನಲ್ಲಿ ಅವನು, ‘ಹೋಯ್ತಾ?’ ಎಂದು ಬರೆದ. ‘ಹೋಯ್ತು’ ಎಂಬ ಉತ್ತರ ಬಂತು. ಎವರಿಸ್ತೊ ನೆಮ್ಮದಿಯಿಂದ ಮಲಗಿದ. ಹತ್ತು ದಿನವೂ ನೆಮ್ಮದಿಯಿಂದಲೇ ಇದ್ದ. ಚಾಕೊಲೇಟ್ ಪುಡಿ ಮಾರುವವರ ಬಗ್ಗೆ ಅವನಿಗೆ ಮರುಕವೂ ಹುಟ್ಟಿತ್ತು.

ಭಾನುವಾರ ಪತ್ರಿಕೆ ಬಂತು. ಆ ದಿನ ಅವನು ತಲೆಗೂದಲು ಕತ್ತರಿಸಿಕೊಳ್ಳಲು ನಾಬೊರ್‌ನಲ್ಲಿಗೆ ಹೋದರೆ, ಅಂಗಡಿಯೊಳಗಿಂದ ನಗು ಬೀದಿಗೆ ಬೀಳುತ್ತಿತ್ತು. ಬೆಂಚಿನ ಮೇಲೆ ಇಬ್ಬರು ಹುಡುಗಿಯರು, ತಮ್ಮ ಅಪ್ಪನ ಸರದಿಗೆ ಕಾಯುತ್ತ, ಒಂದೇ ಪತ್ರಿಕೆಯನ್ನು ಎರಡು ಕಡೆಯಿಂದ ಹಿಡಿದು ಬಿದ್ದು ಬಿದ್ದು ನಗುತ್ತಿದ್ದರು. ಅಪ್ಪ ಕುರ್ಚಿಯಲ್ಲಿ, ಅರ್ಧ ಮುಖಕ್ಕೆ ನೊರೆ. ನಾಬೊರ್ ಕತ್ತಿಯನ್ನು ಗಾಳಿಯಲ್ಲಿ ಹಿಡಿದು ಹುಡುಗಿಯರ ಭುಜದ ಮೇಲಿಂದ ಬಗ್ಗಿ ನೋಡುತ್ತಿದ್ದ. ಹುಡುಗಿಯರ ಬೆರಳು ಹನ್ನೊಂದನೇ ಪುಟದ ಮೇಲಿತ್ತು.

ಎವರಿಸ್ತೊನ ಎದೆ ಉಬ್ಬಿತು. ಎಂಟು ವರ್ಷಗಳಲ್ಲಿ ಮೊದಲ ಸಲ ಅವನ ಪುಟದ ಮೇಲೆ ಯಾರೋ ಬೆರಳಿಟ್ಟು ಓದುತ್ತಿದ್ದರು.

“ಬನ್ನಿ ದೋನ್ ಎವರಿಸ್ತೊ, ಬನ್ನಿ. ಈಗ ಉಪ್ಪು ಸರಿಯಾಗಿದ್ಯಾ?” ಎಂದ ನಾಬೊರ್.

“ಯಾವ ಉಪ್ಪು?”

“ಕಾಳಿಗೆ.”

ಕುರ್ಚಿಯಲ್ಲಿದ್ದವನ ನೊರೆ ನಡುಗಿತು. ಎವರಿಸ್ತೊ ಹುಡುಗಿಯರ ಕೈಯಿಂದ ಪತ್ರಿಕೆ ಕಿತ್ತುಕೊಂಡ.

ಮೊದಲ ಚೌಕ. ದೋನ್ ಕಸಿಮಿರೊ ಬೆರಳೆತ್ತಿ ನಿಂತು, ಇಡೀ ದೇಶದ ಮಕ್ಕಳಿಗೆ ಗಂಭೀರವಾಗಿ ಸಾರುತ್ತಿದ್ದ: ‘ಕಾಳಿಗೆ ಉಪ್ಪಿಲ್ಲ.’ ಹಲ್ಲುಜ್ಜುವ ಬ್ರಷ್ಷು ಹಿಡಿದ ಟರ್ಕಿ ಕೋಳಿ ಉಪ್ಪಿನ ಡಬ್ಬಿಯ ದೂರವನ್ನು ತಿಳಿಸುತ್ತಿತ್ತು. ಎರಡನೇ ಚೌಕದಲ್ಲಿ ನಾಯಕ ದೊಡ್ಡದೊಂದು ಬ್ರಷ್ಷಿನ ಮೇಲೆ ಕುದುರೆಯಂತೆ ಕುಳಿತು, ಕತ್ತಿ ಹಿರಿದು ಕೂಗುತ್ತಿದ್ದ: ‘ನನ್ನ ಇನ್ನೊಂದು ಕಾಲುಚೀಲ ಎಲ್ಲಿ?’ ಕೋಳಿ: ‘ಎರಡೂ ಒಂದೇ ಕಾಲಲ್ಲಿವೆ. ನೋಡ್ಕೋ.’ ಮೂರನೆಯದರಲ್ಲಿ ಹಲ್ಲು ಕೊರೆಯುವ ದೈತ್ಯ ಹುಳು ಬಾಯಿ ತೆರೆದು ಎದುರಿಗೆ ನಿಂತಿದೆ. ನಾಯಕ ಅದನ್ನು ದಿಟ್ಟಿಸುತ್ತ: ‘ನಿಮ್ಮಮ್ಮ ಬರೋದು ಯಾವಾಗ?’ ಕೋಳಿ: ‘ಮಂಗಳವಾರ ಬಂದು ಹೋದಳು. ನೀನು ಅವಳನ್ನ ನಾನೇ ಅಂದ್ಕೊಂಡೆ.’ ನಾಲ್ಕನೆಯದರಲ್ಲಿ ಹುಳುವಿನ ಹೆಣದ ಮೇಲೆ ಕಾಲಿಟ್ಟು ನಾಯಕ: ‘ನಾನು ಕಲಾವಿದ. ನನಗೆ ಶಾಂತಿ ಬೇಕು.’ ಕೋಳಿ: ‘ನಲ್ಲಿ ಸೋರ್ತಿದೆ. ಕಲಾವಿದ ಒಂದು ವಾಷರ್ ಹಾಕಬಹುದು.’

ಎಲ್ಲಕ್ಕಿಂತ ಕೆಳಗೆ, ಹೂಬಳ್ಳಿಯ ಅಂಚಿನ ಪೆಟ್ಟಿಗೆಯಲ್ಲಿ, ‘ಮಕ್ಕಳೇ, ಇಂದಿನ ನೀತಿ’ ಎಂಬ ತಲೆಬರಹದಡಿ, ಮುತ್ತಿನಂಥ ಕಪ್ಪು ಅಕ್ಷರಗಳಲ್ಲಿ: ‘ಈ ಮನೆಯಲ್ಲಿ ನನ್ನ ಮಾತಿಗೆ ಬೆಲೆಯಿಲ್ಲ.’

“ನೀತಿ ಬಹಳ ಚೆನ್ನಾಗಿದೆ,” ಎಂದ ಕುರ್ಚಿಯಲ್ಲಿದ್ದವನು. “ಇಷ್ಟು ದಿನ ಮಕ್ಕಳಿಗೆ ಬರೀತಿದ್ರಿ. ಈಗ ನಮ್ಮಂಥೋರಿಗೂ ಬರೆಯೋಕೆ ಶುರು ಮಾಡಿದ್ರಿ.”

“ವಾಷರ್ ಬೇಕಾದ್ರೆ ನನ್ನ ಹತ್ರ ಒಂದಿದೆ,” ಎಂದ ನಾಬೊರ್.

ಹುಡುಗಿಯರಲ್ಲಿ ದೊಡ್ಡವಳು ಎವರಿಸ್ತೊನ ಕಾಲನ್ನೇ ನೋಡುತ್ತಿದ್ದಳು. ಎರಡೂ ಕಾಲುಚೀಲ ಒಂದೇ ಕಾಲಿನಲ್ಲಿ ಇವೆಯೇ ಎಂದು.

ಎವರಿಸ್ತೊ ಕೂದಲು ಕತ್ತರಿಸಿಕೊಳ್ಳದೆ ಮನೆಗೆ ಬಂದ. ಓರ್ತೆನ್ಸಿಯಾ ಅಂಗಳದಲ್ಲಿ ಬಟ್ಟೆ ಹಿಂಡುತ್ತಿದ್ದಳು. ಅವನು ಪೆನ್ಸಿಲು ಹುಡುಕಲಿಲ್ಲ. ಹದಿನೈದು ದಿನಕ್ಕೂ ಮೇಲ್ಪಟ್ಟ ಮಂಜುಗಡ್ಡೆ ಒಂದೇ ಕೂಗಿಗೆ ಒಡೆಯಿತು.

“ಏನು ಮಾಡಿದೀಯ ಗೊತ್ತಾ ನೀನು?”

“ನೀಲೀಲಿ ಏನಿತ್ತೋ ಅದು,” ಎಂದಳು ಓರ್ತೆನ್ಸಿಯಾ. “ಒಂದು ಅಕ್ಷರ ಹೆಚ್ಚಿಲ್ಲ, ಒಂದು ಅಕ್ಷರ ಕಮ್ಮಿಯಿಲ್ಲ.”

“ಮತ್ತೆ ಆ ಚೀಟಿ? ಹಲಗೆಗೆ ಚುಚ್ಚಿಟ್ಟಿದ್ನಲ್ಲ, ಅದು?”

“ಅದು ಕಪ್ಪು ಪೆನ್ಸಿಲಲ್ಲಿತ್ತು.”

“ಅದು ಕಥೆ ಅಂತ ನಿನ್ನ ತಲೆಗೆ ಹೊಳೀಲಿಲ್ವಾ?”

“ತಲೆ ಬೇಡ, ಕೈ ಸಾಕು ಅಂದೋರು ಯಾರು? ನಾನು ಹೇಳಿದ ಮಾತು ಕೇಳೋ ಹೆಂಗಸು. ಬೇಕಾದ್ರೆ ಬೀದೀಲಿ ಕೇಳಿ ನೋಡು.”

“ಬೀದೀಲಿ ಕೇಳೋದಾ? ಬೀದಿಗೆಲ್ಲ ಗೊತ್ತಾಗಿದೆ ಕಣೇ, ನಮ್ಮನೆ ನಲ್ಲಿ ಸೋರುತ್ತೆ ಅಂತ.”

“ಸೋರ್ತಿಲ್ವಾ ಮತ್ತೆ?”

ಎವರಿಸ್ತೊ ಆ ಮಧ್ಯಾಹ್ನವೇ, ಕೋಪದ ಭರದಲ್ಲಿ, ನಲ್ಲಿ ಸರಿಮಾಡಿದ. ಆಮೇಲೆ ನಿಬ್ಬುಗಳನ್ನೆಲ್ಲ ತೊಳೆದು ಒರೆಸಿ ಹಳೆಯ ಸಿಗಾರ್ ಪೆಟ್ಟಿಗೆಯಲ್ಲಿ ಮಲಗಿಸಿದ. ಒಂದೊಂದು ನಿಬ್ಬನ್ನೂ ಬೆಳಕಿಗೆ ಹಿಡಿದು ನೋಡುತ್ತಿದ್ದ. ಕಿಟಕಿಯ ಆಚೆ ತುಂತುರು ಹಿತ್ತಿಲ ಬಾಳೆಯೆಲೆಗಳ ಮೇಲೆ ಸದ್ದಿಲ್ಲದೆ ಇಳಿಯುತ್ತಿತ್ತು. ಮೂರು ದಿನ ಅವನು ಹಲಗೆಯ ಕಡೆ ಮುಖ ಮಾಡಲಿಲ್ಲ. ಓರ್ತೆನ್ಸಿಯಾಗೂ ಒಳಗೊಳಗೇ ಹೆದರಿಕೆ ಹುಟ್ಟಿತ್ತು. ಆ ಮೂರು ದಿನ ಅವಳು ಕೇಳದೆಯೇ ಕಾಳಿಗೆ ಎರಡು ಸಲ ಉಪ್ಪು ಹಾಕಿದಳು. ಎವರಿಸ್ತೊ ಮುಖ ಕಿವುಚಿಕೊಂಡು ತಟ್ಟೆ ಖಾಲಿ ಮಾಡಿದ.

ಬುಧವಾರ ಬೆಳಗ್ಗೆ ಬಾಗಿಲು ತಟ್ಟಿದ್ದು ಸಂಪಾದಕ ಉರ್ರೂತಿಯಾ. ತೆಳ್ಳನೆಯ, ಹೊಟ್ಟೆಹುಣ್ಣಿನ, ಒದ್ದೆ ಕೊಡೆಯ ಮನುಷ್ಯ. ಎಂಟು ವರ್ಷಗಳಲ್ಲಿ ಎಂದೂ ಒರಿಸಾಬಾಕ್ಕೆ ಬಾರದವನು ಬಸ್ಸಿಳಿದು ಬಂದಿದ್ದಾನೆಂದರೆ ವಜಾ ಮಾಡುವುದರಲ್ಲೂ ಒಂದು ಮರ್ಯಾದೆ ಇಟ್ಟುಕೊಂಡವನು ಎಂದು ಎವರಿಸ್ತೊಗೆ ಗೌರವವೇ ಮೂಡಿತು. ತನ್ನ ಕೊನೆಯ ಭಾಷಣವನ್ನು ಮನಸ್ಸಿನಲ್ಲಿ ಜೋಡಿಸಿಕೊಳ್ಳತೊಡಗಿದ.

ಉರ್ರೂತಿಯಾ ಚೀಲದಿಂದ ಕಾಗದಗಳ ಕಟ್ಟೊಂದನ್ನು ತೆಗೆದು ಮೇಜಿನ ಮೇಲಿಟ್ಟ. “ಮೂರು ದಿನಕ್ಕೆ ನಲವತ್ತೊಂದು ಪತ್ರ. ಎಂಟು ವರ್ಷದಲ್ಲಿ ನಿಮ್ಮ ಪುಟಕ್ಕೆ ಬಂದಿದ್ದು ನಾಲ್ಕು. ಅದರಲ್ಲಿ ಮೂರು ನಿಮ್ಮ ಸೋದರತ್ತೆ ಬರ್ದಿದ್ದು.”

“ಬಯ್ದಿದ್ದಾರಾ?”

“ಕೇಳಿ. ‘ನಮ್ಮ ಅಪ್ಪನೂ ದೋನ್ ಕಸಿಮಿರೊ ಥರಾನೇ.’ ಇನ್ನೊಂದು. ‘ಟರ್ಕಿ ಕೋಳಿಗೆ ನನ್ನ ಮುತ್ತು. ಅರ್ಮಡಿಲೊಗೆ ಬೇಡ.’ ಇದು ನೋಡಿ, ಏಳು ವರ್ಷದ ಹುಡುಗ. ‘ಮುಂದಿನ ಸಲ ಅವನು ಏನು ಕಳ್ಕೊಳ್ತಾನೆ?’” ಉರ್ರೂತಿಯಾ ಕನ್ನಡಕ ತೆಗೆದು ಒರೆಸಿಕೊಂಡ. “ಅಚ್ಚುಕೂಟದ ಜನ ಯಂತ್ರ ನಿಲ್ಲಿಸಿ ಓದಿದ್ರು ಸ್ವಾಮಿ. ನಾನು ಇಪ್ಪತ್ತು ವರ್ಷದಿಂದ ಮಕ್ಕಳ ಪತ್ರಿಕೆ ಮಾಡ್ತಿದೀನಿ. ನಕ್ಕಿದ್ದು ಈಗಲೇ. ನನಗೆ ಇನ್ಮೇಲೆ ಒಂದು ಪುಟ ಸಾಲದು, ಎರಡು ಬೇಕು. ನಾಳೆ ಬಸ್ಸಿಗೆ. ಒಂದೇ ಒಂದು ಪ್ರಶ್ನೆ. ಆ ಕೋಳಿ ಮಾತು ಬರೆಯೋದು ಯಾರು?”

ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು.

ಎವರಿಸ್ತೊ ಗಂಟಲು ಸರಿಮಾಡಿಕೊಂಡ. ಜೀವನದಲ್ಲಿ ಕೆಲವು ಗಳಿಗೆಗಳು ಬರುತ್ತವೆ, ಮನುಷ್ಯ ತನ್ನೊಳಗಿನ ಸತ್ಯವನ್ನೆಲ್ಲ ಒಟ್ಟುಗೂಡಿಸಿ ಮಾತನಾಡಬೇಕಾದ ಗಳಿಗೆ. “ನಾನೇ,” ಎಂದ.

“ಭೇಷ್. ಹಾಗಾದ್ರೆ ಒಂದು ಚೌಕ ಇಲ್ಲೇ ಬರೀರಿ, ನೋಡಿ ಖುಷಿಪಟ್ಟು ಹೋಗ್ತೀನಿ. ದೋನ್ ಕಸಿಮಿರೊ ಮಳೇಲಿ ನೆನೆದು ಮನೆಗೆ ಬರ್ತಾನೆ. ಕೊಡೆ ಮರೆತಿದ್ದ. ಕೋಳಿ ಬಾಗಿಲು ತೆಗೀತಾಳೆ. ಏನಂತಾಳೆ?”

ಎವರಿಸ್ತೊ ಪೆನ್ಸಿಲು ಹಿಡಿದ. ಸೂರು ನೋಡಿದ. ಗೋಡೆಯ ಮೇಲಿನ ಗ್ವಾದಲೂಪೆ ಮಾತೆಯ ಪಟ ನೋಡಿದ. ಆಕೆಯೂ ಸಹಾಯ ಮಾಡುವ ಹಾಗೆ ಕಾಣಲಿಲ್ಲ. ಬಹಳ ಹೊತ್ತಿನ ಮೇಲೆ ಬಗ್ಗಿ ಒಂದು ಸಾಲು ಬರೆದ. ಉರ್ರೂತಿಯಾ ಕಾಗದವನ್ನು ತನ್ನ ಕಡೆ ತಿರುಗಿಸಿಕೊಂಡು ಓದಿದ.

“ಕೊಡೆಯು ಮನುಷ್ಯನ ಎರಡನೇ ಟೋಪಿ.”

ಕಾಗದವನ್ನು ಮಗುಚಿ ಅದರ ಹಿಂಬದಿಯನ್ನೂ ನೋಡಿದ.

“ಕೋಳಿಗೆ ಮೈಗೆ ಹುಷಾರಿಲ್ವಾ?” ಎಂದು ಉರ್ರೂತಿಯಾ ಮೆಲ್ಲಗೆ ಕೇಳಿದ.

ಅಷ್ಟರಲ್ಲಿ ಓರ್ತೆನ್ಸಿಯಾ ಎರಡು ಬಟ್ಟಲು ಕಾಫಿ ತಂದಿಟ್ಟಳು. ಒಂದನ್ನು ಅತಿಥಿಯ ಕಡೆ ಸರಿಸಿ, “ದಾಲ್ಚಿನ್ನಿ ಹಾಕಿದೀನಿ ಸೆನ್ಯೋರ್ ಉರ್ರೂತಿಯಾ. ಹೊಟ್ಟೆಗೆ ಒಳ್ಳೇದು,” ಎಂದಳು. ಇನ್ನೊಂದನ್ನು ಗಂಡನ ಕಡೆ ಸರಿಸಿದಳು. “ನಿನ್ನದಕ್ಕೆ ಸಕ್ಕರೆ ಹಾಕಿಲ್ಲ. ಈಗ ತಾನೇ ಆಡಿದ ಸುಳ್ಳು ನಾಲಿಗೆ ಮೇಲಿನ್ನೂ ಸಿಹಿಯಾಗಿರುತ್ತೆ.” ಬಾಗಿಲ ಬಳಿಯ ಒದ್ದೆ ಕೊಡೆಯನ್ನು ನೋಡಿ, “ಮತ್ತೆ ಕೊಡೆ ಮರೆತು ಬಂದೋನಿಗೆ ಯಾವ ಕೋಳೀನೂ ನೀತಿ ಹೇಳಲ್ಲ. ‘ಒಳ್ಳೇದಾಯ್ತು, ಈ ತಿಂಗಳ ಸ್ನಾನ ಮುಗೀತು’ ಅಂತಾಳೆ,” ಎಂದು ಒಳಗೆ ಹೊರಟಳು.

ಉರ್ರೂತಿಯಾನ ಚಮಚ ಬಟ್ಟಲಿನಲ್ಲೇ ನಿಂತಿತು. “ಸೆನ್ಯೋರಾ,” ಎಂದ ಅವನು ಎದ್ದು ನಿಂತು, “ದಯವಿಟ್ಟು ಕೂತ್ಕೊಳ್ಳಿ.” ಕುರ್ಚಿಗಳು ಎರಡೇ ಇದ್ದುದರಿಂದ ಎವರಿಸ್ತೊ ಏಳಬೇಕಾಯಿತು.

ಒಪ್ಪಂದಕ್ಕೆ ಕಾಫಿ ಆರುವಷ್ಟು ಹೊತ್ತೂ ಹಿಡಿಯಲಿಲ್ಲ. ಪುಟ ಉಳಿಯಿತು. ಒಂದಲ್ಲ, ಎರಡಾಗಿ ಉಳಿಯಿತು. ಹೆಸರು ಮಾತ್ರ ಇನ್ನು ಮುಂದೆ ‘ದೋನ್ಯಾ ಪೆತ್ರೊನಿಲಾ’. ಮಾತು: ಓರ್ತೆನ್ಸಿಯಾ. ಅದರ ಕೆಳಗೆ, ಜಾಗ ಉಳಿದರೆ, ಚಿತ್ರ: ಎ. ಸಮೂದಿಯೊ.

“ಮತ್ತೆ ಅರ್ಮಡಿಲೊ?” ಎಂದು ಎವರಿಸ್ತೊ ನಿಂತಲ್ಲಿಂದಲೇ ಕೇಳಿದ.

“ಇರ್ಲಿ, ಇರ್ಲಿ,” ಎಂದ ಉರ್ರೂತಿಯಾ ಉದಾರವಾಗಿ. “ತಪ್ಪು ಮಾಡೋಕೆ ಯಾರಾದ್ರೂ ಬೇಕಲ್ಲ.”

ಗುರುವಾರ ಬೆಳಗ್ಗೆ ಹಲಗೆಯ ಮೇಲೆ ಎರಡು ಬಿಳಿಯ ಹಾಳೆ. ಬಸ್ಸು ನಾಲ್ಕಕ್ಕೆ. ಓರ್ತೆನ್ಸಿಯಾ ಮುಂದೆ ಕುಳಿತು ನೀಲಿ ಪೆನ್ಸಿಲು ಚೂಪು ಮಾಡಿದಳು. ಎವರಿಸ್ತೊ ಪಕ್ಕದಲ್ಲಿ, ಸಿಗಾರ್ ಪೆಟ್ಟಿಗೆ ತೆರೆದು, ನಿಬ್ಬು ಜೋಡಿಸಿಕೊಂಡು ಕಾದ. ಒಂದು ಗಂಟೆ ಕಳೆಯಿತು. ಹಾಳೆ ಬಿಳಿಯಾಗಿಯೇ ಇತ್ತು. ಆಗ ಇಬ್ಬರಿಗೂ ಅರ್ಥವಾಯಿತು, ತೊಂದರೆ ಏನೆಂದು. ಮನೆಯಲ್ಲಿ ಜಗಳವಿರಲಿಲ್ಲ. ನಲ್ಲಿ ಸೋರುತ್ತಿರಲಿಲ್ಲ, ಕಾಲುಚೀಲ ಎರಡೂ ಎರಡು ಕಾಲಲ್ಲಿದ್ದವು, ಓರ್ತೆನ್ಸಿಯಾಳ ಅಮ್ಮ ಮುಂದಿನ ತಿಂಗಳವರೆಗೆ ಬರುವವಳಲ್ಲ.

“ಏನಾದ್ರೂ ಹೇಳು,” ಎಂದಳು ಓರ್ತೆನ್ಸಿಯಾ.

“ಏನು ಹೇಳ್ಲಿ?”

“ಏನಾದ್ರೂ. ಯಾವಾಗ್ಲೂ ಹೇಳ್ತೀಯಲ್ಲ.”

ತನ್ನ ಪುಟ ಉಳಿಯಬೇಕೆಂದರೆ ತ್ಯಾಗ ಮಾಡಬೇಕು ಎಂದು ಎವರಿಸ್ತೊ ನಿರ್ಧರಿಸಿದ. ಎದ್ದು ಹೋಗಿ, ಅಂಗಿಯನ್ನು ಹಿಂದುಮುಂದಾಗಿ ತೊಟ್ಟುಕೊಂಡು ಬಂದು ನಿಂತ. ಓರ್ತೆನ್ಸಿಯಾ ನೋಡಿದಳು, ಬರೆಯಲಿಲ್ಲ.

“ಬೇಕೂಂತ ಹಾಕ್ಕೊಂಡಿದೀಯ. ಮಕ್ಕಳಿಗೆ ತಕ್ಷಣ ಗೊತ್ತಾಗುತ್ತೆ.”

ಕನ್ನಡಕವನ್ನು ಹಣೆಯ ಮೇಲಿಟ್ಟುಕೊಂಡು ಮನೆಯಿಡೀ ಹುಡುಕಿದ. ಮೇಜಿನ ಕಾಲಿಗೆ ಎಡವಿದ. ಎಡವಿದ್ದರಿಂದ ನಿಜವಾಗಿಯೂ ಪೆಟ್ಟಾಯಿತು, ಆದರೂ ಅವಳು ತಲೆಯಾಡಿಸಿದಳು. “ಇಂಥಾದ್ದಕ್ಕೆಲ್ಲ ಅವರು ನಗಲ್ಲ, ಮುದ್ಕ. ನೀನು ನಗಿಸೋಕೆ ಹೋಗ್ಬೇಡ. ನೀನು ನೀನಾಗಿರು, ಅಷ್ಟು ಸಾಕು. ಅದು ಸಾಕಾಗುತ್ತೆ.”

“ಅಂದ್ರೆ ಏನರ್ಥ?”

“ಏನೂ ಇಲ್ಲ. ಕೂತ್ಕೋ.”

“ಕೂತ್ಕೊಳ್ಳಲ್ಲ. ಅಂದ್ರೆ ಏನರ್ಥ ಅಂತ ಕೇಳ್ದೆ. ನಾನು ನಾನಾಗಿದ್ರೆ ಜನ ನಗ್ತಾರೆ ಅಂತಾನಾ? ಎಂಟು ವರ್ಷ. ಎಂಟು ವರ್ಷ ನಾನು ಈ ದೇಶದ ಮಕ್ಕಳಿಗೆ ಹಲ್ಲುಜ್ಜೋದು ಕಲಿಸಿದೆ. ಅವರ ಹಲ್ಲು ಇವತ್ತು ಹೊಳೀತಿದ್ರೆ ಅದರಲ್ಲಿ ಒಂದು ಹಲ್ಲಾದ್ರೂ ನನ್ನದು.”

ಪೆನ್ಸಿಲಿನ ಮೊನೆ ಹಾಳೆಯ ಮೇಲೆ ಸರಸರ ಓಡಿತು. ಎವರಿಸ್ತೊ ಗಮನಿಸಲಿಲ್ಲ. ನಿಜವಾದ ನೋವಿಗೆ ಕಿವಿ ಮಂದ.

“ನಗು ಬೇಕಂತೆ, ನಗು. ನಗಿಸೋದು ಯಾರ ಕೈಲಾದ್ರೂ ಆಗುತ್ತೆ. ಬುದ್ಧಿ ಹೇಳೋಕೆ ಎದೆ ಬೇಕು. ನಾನು ಬೆರಳೆತ್ತಿ ನಿಂತ್ರೆ ಒಂದು ಕಾಲದಲ್ಲಿ,” ಎಂದು ಅವನು ಬೆರಳೆತ್ತಿದ.

“ಒಂದು ಕಾಲದಲ್ಲಿ,” ಎಂದು ಬರೆದುಕೊಳ್ಳುತ್ತ ಓರ್ತೆನ್ಸಿಯಾ ಗೊಣಗಿದಳು. ಮೊದಲ ಹಾಳೆ ಅರ್ಧ ತುಂಬಿತ್ತು. ಕೆನ್ನೆಯ ಒಳಗಡೆ ಎಲ್ಲೋ ಅವಳು ನಗುವನ್ನು ಕಚ್ಚಿ ಹಿಡಿದಿದ್ದಳು.

ಆಗ ಅವನು ಕೆಳಗೆ ನೋಡಿದ. ತನ್ನ ಹಲ್ಲು, ತನ್ನ ಎದೆ, ತನ್ನ ಎಂಟು ವರ್ಷ, ಎಲ್ಲ ತಿಳಿನೀಲಿಯಲ್ಲಿ ಸಾಲುಸಾಲಾಗಿ, ಅಚ್ಚುಕಟ್ಟಾಗಿ ಗುಳ್ಳೆಗಳೊಳಗೆ ಕುಳಿತಿದ್ದವು. ಅವುಗಳ ಬಾಲಗಳೆಲ್ಲ ಒಂದೇ ಕಡೆ ತಿರುಗಿದ್ದವು: ಅರ್ಮಡಿಲೊ ನಿಲ್ಲಬೇಕಾದ ಜಾಗದತ್ತ. ಮತ್ತು ಅವನಿಗೆ ಇನ್ನೂ ಕೆಟ್ಟದ್ದೊಂದು ಗೊತ್ತಾಯಿತು. ಓದುತ್ತ ಹೋದಂತೆ ಅವನಿಗೇ ನಗು ಬರುತ್ತಿತ್ತು.

ನಗಲಿಲ್ಲ. ಗೂಟದಿಂದ ಟೋಪಿ ತೆಗೆದುಕೊಂಡ.

“ಎಲ್ಲಿಗೆ? ಕೊನೇ ಚೌಕಕ್ಕೆ ಮಾತು ಬೇಕು,” ಎಂದಳು ಓರ್ತೆನ್ಸಿಯಾ. “ಚಿತ್ರಾನೂ ಬರೀಬೇಕು, ಬಸ್ಸು ನಾಲ್ಕಕ್ಕೆ.”

“ಬರ್ತೀನಿ. ಬರೆದುಕೊಡ್ತೀನಿ. ಆದ್ರೆ ಇನ್ನೊಂದು ಮಾತು ನನ್ನ ಬಾಯಿಂದ ಸಿಗಲ್ಲ.”

“ಇನ್ನೊಂದು ಮಾತು ನನ್ನ ಬಾಯಿಂದ ಸಿಗಲ್ಲ,” ಎಂದು ಪೆನ್ಸಿಲು ಓಡಿತು. “ಆಮೇಲೆ?”

ಎವರಿಸ್ತೊ ಬಾಗಿಲಲ್ಲಿ ತಿರುಗಿ ನಿಂತ. ಅಂಗಿ ಇನ್ನೂ ಹಿಂದುಮುಂದಾಗಿಯೇ ಇತ್ತು. ಗುಂಡಿಗಳೆಲ್ಲ ಬೆನ್ನಿನ ಮೇಲೆ. ಅದನ್ನು ಮರೆತಿದ್ದ. ಬೆರಳು ತಾನಾಗಿಯೇ ಮೇಲಕ್ಕೆ ಹೋಯಿತು.

“ಆಮೇಲೆ ಇಷ್ಟೇ. ಕೇಳ್ಕೋ. ಮನುಷ್ಯನಿಗೆ ಮಾನ ಅನ್ನೋದು ಒಂದು ಇದ್ರೆ, ಅವನು ತನ್ನ ಹೆಂಡತಿ ಎದುರಿಗೆ ಯಾವತ್ತೂ, ಯಾವ ಕಾರಣಕ್ಕೂ,” ಎನ್ನುತ್ತ, ಅವಳ ಕೈ ಹಾಳೆಯ ಮೇಲೆ ಬಗ್ಗಿದ್ದನ್ನು ಕಂಡು, ಉಳಿದರ್ಧವನ್ನಾದರೂ ಉಳಿಸಿಕೊಳ್ಳಬೇಕೆಂದು ಬಾಯಿ ಮುಚ್ಚಿ ಮೆಟ್ಟಿಲಿಳಿದ, ತುಂತುರಿನಲ್ಲಿ ಬೀದಿಯುದ್ದಕ್ಕೂ ಬೆನ್ನ ಮೇಲಿನ ಗುಂಡಿಗಳನ್ನು ತೋರಿಸುತ್ತ, ನಾಬೊರ್‌ನ ಅಂಗಡಿಯ ಕಡೆ, ಯಾರಿಗೂ ಕೇಳಿಸದ ಹಾಗೆ ಆ ವಾಕ್ಯವನ್ನು ಪೂರ್ತಿ ಮಾಡಿಕೊಳ್ಳುತ್ತ, “ಯಾವ ಕಾರಣಕ್ಕೂ ತನ್ನ…”